ಗೆದ್ದ ಮರುದಿನ ಬೆಳಗ್ಗೆ ಏನಾಯಿತು?

(ಸೈನ್ಸ್ ಫಿಕ್ಷನ್ ಸಿನಿಮಾಗಳ ಸೀಕ್ವೆಲ್ ಮತ್ತು ಅವುಗಳ ರಾಜಕೀಯದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಸೀನ್‌ನಿಂದ ಶುರು ಮಾಡುತ್ತೇನೆ. 1977ರ ಮೊದಲ 'ಸ್ಟಾರ್ ವಾರ್ಸ್'. ಸಾಮ್ರಾಜ್ಯದವರು ಕಟ್ಟಿದ, ಗ್ರಹವನ್ನೇ ಸಿಡಿಸಬಲ್ಲ ದೈತ್ಯ ಬಾಹ್ಯಾಕಾಶ ಕೋಟೆ ಡೆತ್ ಸ್ಟಾರ್. ಅದರ ಒಳಗೆ ಒಂದು ಮೀಟಿಂಗ್ ರೂಮ್. ಮೇಜಿನ ಸುತ್ತ ಸೇನಾಧಿಕಾರಿಗಳು ಕೂತು ವಾದ ಮಾಡುತ್ತಿದ್ದಾರೆ. ಬಂಡಾಯಗಾರರಿಗೆ ಸೆನೆಟ್‌ನಲ್ಲಿ, ಅಂದರೆ ಗ್ರಹಗಳ ಪ್ರತಿನಿಧಿಗಳ ಸಭೆಯಲ್ಲಿ, ಬೆಂಬಲ ಜಾಸ್ತಿ ಆಗುತ್ತದೆ ಅನ್ನುವುದು ಒಬ್ಬನ ಆತಂಕ. ಅಷ್ಟರಲ್ಲಿ ಗವರ್ನರ್ ಟಾರ್ಕಿನ್ ಒಳಗೆ ಬರುತ್ತಾನೆ. ಸೆನೆಟ್ ಬಗ್ಗೆ ಇನ್ನು ತಲೆ ಕೆಡಿಸಿಕೊಳ್ಳಬೇಕಿಲ್ಲ, ಚಕ್ರವರ್ತಿ ಅದನ್ನು ಶಾಶ್ವತವಾಗಿ ವಿಸರ್ಜಿಸಿದ್ದಾನೆ ಎಂದು ಹೇಳುತ್ತಾನೆ. ಆಗ ಒಬ್ಬ ಜನರಲ್ ಕೇಳುತ್ತಾನೆ: ಅದು ಹೇಗೆ ಸಾಧ್ಯ? ಅಧಿಕಾರಿ ವರ್ಗವೇ ಇಲ್ಲದೆ ಚಕ್ರವರ್ತಿ ಹಿಡಿತ ಇಟ್ಟುಕೊಳ್ಳುವುದು ಹೇಗೆ? ಟಾರ್ಕಿನ್ ಹೇಳುತ್ತಾನೆ, ಇನ್ನು ಮುಂದೆ ಪ್ರಾಂತ್ಯಗಳ ಗವರ್ನರುಗಳ ಕೈಗೇ ನೇರ ಅಧಿಕಾರ, ಉಳಿದದ್ದನ್ನು ಭಯ ನೋಡಿಕೊಳ್ಳುತ್ತದೆ. ಭಯ ಅಂದರೆ ಅವರೆಲ್ಲ ಕೂತಿರುವ ಆ ಅಸ್ತ್ರದ ಭಯ.

ಇಷ್ಟೇ. ಒಂದು ನಿಮಿಷವೂ ಇಲ್ಲ. ಆದರೆ ಆ ಜನರಲ್ ಕೇಳಿದ ಪ್ರಶ್ನೆಯನ್ನು ಸ್ವಲ್ಪ ಹಿಡಿದು ನೋಡಿ. ಅವನು ಒಳ್ಳೆಯವನೇನೂ ಅಲ್ಲ, ಸಾಮ್ರಾಜ್ಯದ ಕಡೆಯವನೇ. ಆದರೂ ಅವನಿಗೆ ಗೊತ್ತು: ಸಾವಿರಾರು ಗ್ರಹಗಳನ್ನು ಆಳಬೇಕು ಅಂದರೆ ಕಡತ ನೋಡುವವರು ಬೇಕು, ತೆರಿಗೆ ಎತ್ತುವವರು ಬೇಕು, ಆದೇಶವನ್ನು ಕೆಳಗಿನವರೆಗೆ ತಲುಪಿಸುವವರು ಬೇಕು. ಆ ಒಂದು ಪ್ರಶ್ನೆಯಿಂದ ಡೆತ್ ಸ್ಟಾರ್ ಯಾಕೆ ಕಟ್ಟಿದರು ಅನ್ನುವುದೂ ನಮಗೆ ಗೊತ್ತಾಗುತ್ತದೆ. ಆಡಳಿತ ಮಾಡಬೇಕಾದ ಕೆಲಸವನ್ನು ಅಸ್ತ್ರದ ಕೈಲಿ ಮಾಡಿಸಲು ಹೊರಟಿದ್ದಾರೆ. ಹಾಗಾಗಿ ಕೊನೆಯಲ್ಲಿ ಅದು ಸಿಡಿದಾಗ ಸಾಮ್ರಾಜ್ಯದ ಆಡಳಿತ ಪದ್ಧತಿಯೇ ಸಿಡಿದಂತೆ. ಸೆನೆಟ್ ಮೊದಲೇ ಹೋಯಿತು, ಅದರ ಜಾಗಕ್ಕೆ ತಂದದ್ದೂ ಹೋಯಿತು.

ಸಿನಿಮಾ ಸೆಟ್‌ನಲ್ಲಿ ಕಂಟಿನ್ಯೂಟಿ ನೋಡಿಕೊಳ್ಳುವುದಕ್ಕೇ ಒಬ್ಬರು ಇರುತ್ತಾರೆ. ಹಿಂದಿನ ಶಾಟ್‌ನಲ್ಲಿ ಲೋಟದಲ್ಲಿ ನೀರು ಎಷ್ಟಿತ್ತು, ಅಂಗಿಯ ಗುಂಡಿ ಹಾಕಿತ್ತೋ ಬಿಚ್ಚಿತ್ತೋ, ಗಾಯ ಎಡಗೆನ್ನೆಯ ಮೇಲೋ ಬಲಗೆನ್ನೆಯ ಮೇಲೋ, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಾರೆ. ಸೀಕ್ವೆಲ್ ಬಂದಾಗ ಅಭಿಮಾನಿಗಳೂ ಇದೇ ಕೆಲಸ ಮಾಡುತ್ತಾರೆ. ನೌಕೆಯ ವೇಗ ಹೊಂದುತ್ತಿಲ್ಲ, ಇವನ ವಯಸ್ಸು ತಪ್ಪಿದೆ, ಆ ಗ್ರಹಕ್ಕೆ ಹಿಂದಿನ ಸಲ ಎರಡು ಚಂದ್ರ ಇತ್ತು. ನನಗೆ ಇವುಗಳ ಬಗ್ಗೆ ಅಷ್ಟು ಬೇಜಾರಿಲ್ಲ. ನನ್ನನ್ನು ಕಾಡುವುದು ಬೇರೆ ಗಾಯ. ಹಿಂದಿನ ಸಿನಿಮಾದಲ್ಲಿ ಯಾರು ಯಾರಿಗೆ ಮಾತು ಕೊಟ್ಟರು? ಯಾರ ಮಗ ಸತ್ತ? ಯಾರು ಸಾಲ ಮಾಡಿದರು? ಯಾರು ಸೋತು ಹಲ್ಲು ಕಚ್ಚಿಕೊಂಡು ಮನೆಗೆ ಹೋದರು? ಮುಂದಿನ ಭಾಗಕ್ಕೆ ಇದೆಲ್ಲ ನೆನಪಿದೆಯಾ? ನೆನಪಿದ್ದರೆ ಆ ಲೋಕದ ರಾಜಕೀಯವನ್ನು ನಾನು ನಂಬುತ್ತೇನೆ. ಮರೆತಿದ್ದರೆ, ಎಷ್ಟು ಕೋಟಿ ಸುರಿದು ಸೆಟ್ ಹಾಕಿದರೂ ಅದು ನನಗೆ ಬಣ್ಣ ಬಳಿದ ಹಲಗೆ ಅಷ್ಟೆ.

ಇದೇ 'ಸ್ಟಾರ್ ವಾರ್ಸ್' ಮುಂದೆ ಏನಾಯಿತು ನೋಡೋಣ. 1983ರ 'ರಿಟರ್ನ್ ಆಫ್ ದಿ ಜೆಡೈ'ನಲ್ಲಿ ಚಕ್ರವರ್ತಿ ಸತ್ತ. ಎರಡನೆಯ ಡೆತ್ ಸ್ಟಾರ್ ಸಿಡಿಯಿತು. ಕಾಡಿನಲ್ಲಿ ಬೆಂಕಿ ಹಾಕಿ ಎಲ್ಲರೂ ಕುಣಿದರು. ಮರುದಿನ ಬೆಳಗ್ಗೆ ಏನಾಯಿತು? ಅದಕ್ಕೆ ಉತ್ತರ ಕೊಡಬೇಕಾದದ್ದು 2015ರ 'ದಿ ಫೋರ್ಸ್ ಅವೇಕನ್ಸ್'. ಕಥೆಯ ಕಾಲದಲ್ಲಿ ಹೆಚ್ಚುಕಮ್ಮಿ 30 ವರ್ಷ ಕಳೆದಿದೆ. ಪರದೆ ಮೇಲೆ ಅಕ್ಷರಗಳು ಏರುತ್ತವೆ. ಸಾಮ್ರಾಜ್ಯದ ಬೂದಿಯಿಂದ 'ಫಸ್ಟ್ ಆರ್ಡರ್' ಎದ್ದಿದೆಯಂತೆ. ಹಿಂದಿನ ಬಂಡಾಯದ ನಾಯಕಿ ಲಿಯಾ ಒಂದು 'ರೆಸಿಸ್ಟೆನ್ಸ್', ಅಂದರೆ ಪ್ರತಿರೋಧ ಪಡೆ, ನಡೆಸುತ್ತಿದ್ದಾಳಂತೆ, ಅದಕ್ಕೆ ಗಣರಾಜ್ಯದ ಬೆಂಬಲ ಇದೆಯಂತೆ.

ಇಲ್ಲಿ ಯಾರಿಗಾದರೂ ಒಂದು ಪ್ರಶ್ನೆ ಬರಬೇಕಲ್ವಾ? ಲಿಯಾ ಕಡೆಯವರು ಗೆದ್ದಿದ್ದರು. ಸರ್ಕಾರ ಅವರದೇ. ಹಾಗಿದ್ದರೆ ಪ್ರತಿರೋಧ ಯಾರ ವಿರುದ್ಧ? ಸರ್ಕಾರಕ್ಕೆ ಸ್ವಂತ ಸೈನ್ಯ ಇಲ್ಲವಾ? ಇದ್ದರೆ, ಲಿಯಾ ಯಾಕೆ ಹೊರಗೆ ನಿಂತು ಒಂದಿಷ್ಟು ಹಳೇ ವಿಮಾನ ಇಟ್ಟುಕೊಂಡು ಹೋರಾಡುತ್ತಿದ್ದಾಳೆ? ಸಿನಿಮಾ ಇದಕ್ಕೆ ಸರಿಯಾದ ಉತ್ತರ ಕೊಡುವುದಿಲ್ಲ. ಅರ್ಧ ದಾರಿ ಕಳೆಯುವ ಹೊತ್ತಿಗೆ ಹಾಸ್ನಿಯನ್ ಅನ್ನುವ ಇಡೀ ಗ್ರಹಮಂಡಲವನ್ನು ಫಸ್ಟ್ ಆರ್ಡರ್‌ನವರು ಒಂದೇ ಏಟಿಗೆ ಸುಟ್ಟುಬಿಡುತ್ತಾರೆ. ಅದು ಗಣರಾಜ್ಯದ ಆಗಿನ ರಾಜಧಾನಿ. ಒಂದು ಬಾಲ್ಕನಿಯಲ್ಲಿ ಒಂದಿಷ್ಟು ಜನ ಆಕಾಶ ನೋಡುತ್ತಾ ನಿಂತಿರುತ್ತಾರೆ, ಅವರಲ್ಲಿ ಒಬ್ಬ ಯುವತಿಯ ಮುಖ ಒಂದೆರಡು ಸೆಕೆಂಡ್ ಹತ್ತಿರದಿಂದ ಕಾಣುತ್ತದೆ. ಅವಳು ಲಿಯಾ ಕಳಿಸಿದ ದೂತೆ. ಸೆನೆಟ್ ಮುಂದೆ ಎಚ್ಚರಿಕೆ ಕೊಡಲು ಬಂದವಳು. ಲಿಯಾ ಅವಳನ್ನು ಕಳಿಸುವ ಸೀನ್ ಇತ್ತು, ಎಡಿಟಿಂಗ್‌ನಲ್ಲಿ ಹೋಯಿತು. ಹಾಗಾಗಿ ಥಿಯೇಟರ್‌ನಲ್ಲಿ ಕೂತವರಿಗೆ ಯಾರೋ ಹೆಸರಿಲ್ಲದ ಹುಡುಗಿ ಸತ್ತಳು, ಯಾವುದೋ ಗ್ರಹ ಸುಟ್ಟಿತು. ಸುಟ್ಟಿದ್ದು ಹಳೇ ಸಿನಿಮಾಗಳ ರಾಜಧಾನಿ ಕೊರಸಾಂಟ್ ಎಂದೇ ಎಷ್ಟೋ ಜನ ತಿಳಿದುಕೊಂಡರು.

ನನಗೆ ಸಂಕಟ ಆಗುವುದು ಇಲ್ಲಿ. ಉತ್ತರ ಇರಲಿಲ್ಲ ಅಂತಲ್ಲ. ಉತ್ತರ ಇತ್ತು, ಕಾದಂಬರಿಗಳಲ್ಲಿ ಇತ್ತು. ಯುದ್ಧ ಗೆದ್ದ ಗಣರಾಜ್ಯ ಸೈನ್ಯವನ್ನು ಕಡಿತ ಮಾಡಿಕೊಂಡಿತು, ಒಂದೇ ಗ್ರಹದ ಕೈಗೆ ಅಧಿಕಾರ ಹೋಗಬಾರದು ಎಂದು ರಾಜಧಾನಿಯನ್ನು ಸುತ್ತಿಸುತ್ತಾ ಹೋಯಿತು, ಸೆನೆಟ್ ಎರಡು ಬಣಗಳಾಗಿ ಒಡೆದು ಯಾವ ತೀರ್ಮಾನವನ್ನೂ ಮಾಡಲಾಗದೆ ನಿಂತಿತು. 2016ರಲ್ಲಿ ಬಂದ 'ಬ್ಲಡ್‌ಲೈನ್' ಕಾದಂಬರಿಯ ತುಂಬಾ ಇದೇ ರಾಜಕೀಯ. ಎಂಥ ಒಳ್ಳೆಯ ವಿಷಯ ಅದು! ಸರ್ವಾಧಿಕಾರದಿಂದ ಬೆಂದು ಬಂದವರು ಮತ್ತೆ ಯಾರ ಕೈಗೂ ಬಲ ಕೊಡಲು ಹೆದರುತ್ತಾರೆ. ಆ ಹೆದರಿಕೆಯೇ ಅವರನ್ನು ಮುಳುಗಿಸುತ್ತದೆ. ಇದನ್ನು ಪರದೆಯ ಮೇಲೆ ಹೇಳಲು ಎರಡು ಗಂಟೆ ಬೇಕಿಲ್ಲ. 1977ರಲ್ಲಿ ಆ ಜನರಲ್ ಕೇಳಿದಂಥ ಒಂದು ಪ್ರಶ್ನೆ ಸಾಕಿತ್ತು. ಲಿಯಾ ಸೆನೆಟ್‌ಗೆ ಹೋಗಿ ಹತ್ತು ಹಡಗು ಕೇಳುತ್ತಾಳೆ, ಕೊಡುವುದಿಲ್ಲ ಅನ್ನುತ್ತಾರೆ, ಅವಳು ಎದ್ದು ಹೊರಗೆ ಬರುತ್ತಾಳೆ. ಅಷ್ಟು ತೋರಿಸಿದ್ದರೆ ಆಮೇಲೆ ಆ ಗ್ರಹಗಳು ಸುಟ್ಟಾಗ ನಮಗೆ ಕೋಪ, ದುಃಖ ಎರಡೂ ಒಟ್ಟಿಗೆ ಬರುತ್ತಿತ್ತು.

ಮುಂದಿನ ಭಾಗ, 2017ರದ್ದು, ಕೆಲವೇ ದಿನಗಳ ನಂತರ ಶುರುವಾಗುತ್ತದೆ. ಅಷ್ಟರಲ್ಲೇ ಫಸ್ಟ್ ಆರ್ಡರ್ ಮೆರೆಯುತ್ತಿದೆ, ಇಡೀ ನಕ್ಷತ್ರಲೋಕವನ್ನು ಹಿಡಿಯುತ್ತಿದೆ. ಅವರ ದೊಡ್ಡ ಅಸ್ತ್ರ ಈಗಷ್ಟೇ ನಾಶವಾಗಿತ್ತು, ನೆನಪಿರಲಿ. 2019ರ ಭಾಗದಲ್ಲಂತೂ ಸತ್ತ ಚಕ್ರವರ್ತಿಯೇ ವಾಪಸ್ ಬಂದ. ಹೇಗೆ ಬಂದ ಅನ್ನುವುದಕ್ಕೆ ಒಂದು ಪಾತ್ರ ಹೇಳುವುದು 'ಹೇಗೋ' ಅಂತ. ಆ ಪಾತ್ರಗಳನ್ನು ನಾನು ತುಂಬಾ ಪ್ರೀತಿಸುತ್ತೇನೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಚಕ್ರವರ್ತಿ ವಾಪಸ್ ಬಂದ ಕ್ಷಣದಲ್ಲೇ 1983ರ ಗೆಲುವು ನೀರಿನಲ್ಲಿ ಮಾಡಿದ ಹೋಮ ಆಯಿತು. ಚಕ್ರವರ್ತಿಯನ್ನು ಕೊಂದು ಅಪ್ಪ ವೇಡರ್ ಮಗ ಲ್ಯೂಕ್‌ಗಾಗಿ ಪ್ರಾಣ ಕೊಟ್ಟಿದ್ದ ಆ ಘಳಿಗೆಯ ಬೆಲೆ ಕಡಿಮೆ ಆಯಿತು.

1999ರಿಂದ 2005ರವರೆಗಿನ ಮೂರು ಪ್ರೀಕ್ವೆಲ್‌ಗಳ, ಅಂದರೆ ಇದಕ್ಕೂ ಹಿಂದಿನ ಕಥೆ ಹೇಳುವ ಸಿನಿಮಾಗಳ, ಬಗ್ಗೆಯೂ ಒಂದು ಮಾತು. ಮೊದಲನೆಯದು ವ್ಯಾಪಾರ ಮಾರ್ಗಗಳ ತೆರಿಗೆ ಜಗಳದಿಂದ ಶುರುವಾಗುತ್ತದೆ ಎಂದು ಜನ ತುಂಬಾ ನಕ್ಕರು. ನನ್ನ ಪ್ರಕಾರ ವಿಷಯದಲ್ಲಿ ತಪ್ಪಿಲ್ಲ, ಹೇಳಿದ ರೀತಿ ಸಪ್ಪೆ. ತೆರಿಗೆ ಜಗಳ, ಅದರಿಂದ ದಿಗ್ಬಂಧನ, ದಿಗ್ಬಂಧನದಿಂದ ಅವಿಶ್ವಾಸ ಮತ, ಅಲ್ಲಿಂದ ಗಣರಾಜ್ಯದ ಮುಖ್ಯಸ್ಥನಾಗಿ ಹೊಸ ಚಾನ್ಸಲರ್, ಆಮೇಲೆ ಯುದ್ಧದ ನೆಪದಲ್ಲಿ ತುರ್ತು ಅಧಿಕಾರ, ಕೊನೆಗೆ ಚಪ್ಪಾಳೆಯ ನಡುವೆ ಸಾಮ್ರಾಜ್ಯ. ಈ ಸರಪಳಿಯಲ್ಲಿ ಒಂದು ಕೊಂಡಿಯೂ ಸಡಿಲ ಇಲ್ಲ. ಸಂಭಾಷಣೆ ಎಷ್ಟು ಬೇಕಾದರೂ ಬೈಯಿರಿ, ಒಪ್ಪುತ್ತೇನೆ. ಆದರೆ ಒಂದು ಗಣರಾಜ್ಯ ಹೇಗೆ ಸಾಯುತ್ತದೆ ಅನ್ನುವುದನ್ನು ಇಷ್ಟು ಹಂತ ಹಂತವಾಗಿ ತೋರಿಸಿದ ದೊಡ್ಡ ಸಿನಿಮಾಗಳು ಜಾಸ್ತಿ ಇಲ್ಲ.

ಈಗ ನನಗೆ ತುಂಬಾ ಇಷ್ಟವಾದ ಉದಾಹರಣೆಗೆ ಬರುತ್ತೇನೆ. ಒಂದು ಸೇಡು ಮೂರು ಸಿನಿಮಾ ದಾಟಿ ಬಂದ ಕಥೆ ಇದು. 1984ರ ಮೂರನೆಯ 'ಸ್ಟಾರ್ ಟ್ರೆಕ್'ನಲ್ಲಿ ನಾಯಕ ಕ್ಯಾಪ್ಟನ್ ಕರ್ಕ್‌ನ ಮಗನನ್ನು ಶತ್ರು ಸಾಮ್ರಾಜ್ಯದ ಕ್ಲಿಂಗಾನರು ಕೊಲ್ಲುತ್ತಾರೆ. 1986ರ ನಾಲ್ಕನೆಯ ಭಾಗ ಬಹುಪಾಲು ಹಗುರವಾದ ಸಿನಿಮಾ, ತಿಮಿಂಗಿಲಗಳ ಕಥೆ. ಆದರೂ ಅದರ ಶುರುವಿನಲ್ಲಿ ಕ್ಲಿಂಗಾನ್ ರಾಯಭಾರಿ, ಭೂಮಿಯೂ ಸೇರಿದ ಗ್ರಹಗಳ ಒಕ್ಕೂಟದ ಸಭೆಯಲ್ಲಿ ನಿಂತು ಕರ್ಕ್‌ನನ್ನು ನಮಗೆ ಒಪ್ಪಿಸಿ ಎಂದು ಕೇಳುತ್ತಾನೆ. ಸಿಗದಿದ್ದಾಗ, ಕರ್ಕ್ ಬದುಕಿರುವವರೆಗೆ ಶಾಂತಿ ಇಲ್ಲ ಎಂದು ಹೇಳಿ ಹೋಗುತ್ತಾನೆ. ಅಂದರೆ ಸೇಡು ಎರಡೂ ಕಡೆ ಇದೆ.

ಆಮೇಲೆ 1991ರಲ್ಲಿ ಆರನೆಯ ಭಾಗ, 'ದಿ ಅನ್‌ಡಿಸ್ಕವರ್ಡ್ ಕಂಟ್ರಿ'. ಕ್ಲಿಂಗಾನರಿಗೆ ಶಕ್ತಿ ಒದಗಿಸುತ್ತಿದ್ದ ಪ್ರಾಕ್ಸಿಸ್ ಅನ್ನುವ ಚಂದ್ರ ಸಿಡಿಯುತ್ತದೆ. ಚೆರ್ನೊಬಿಲ್ ದುರಂತದ ನೆರಳು ಅದರಲ್ಲಿದೆ, ಬರ್ಲಿನ್ ಗೋಡೆ ಬಿದ್ದದ್ದರ ನೆರಳೂ ಇದೆ. ಅವರ ಸಾಮ್ರಾಜ್ಯಕ್ಕೆ ಇನ್ನು ಸುಮಾರು 50 ವರ್ಷ ಆಯಸ್ಸು. ಹೀಗಾಗಿ ಶಾಂತಿ ಬೇಕು ಎಂದು ಬರುತ್ತಾರೆ. ಗಮನಿಸಿ, ಯಾರ ಮನಸ್ಸೂ ರಾತ್ರೋರಾತ್ರಿ ಬದಲಾಗಿಲ್ಲ. ಸೈನ್ಯಕ್ಕೆ ಹಾಕಲು ಹಣ ಇಲ್ಲ, ಉಸಿರಾಡುವ ಗಾಳಿಯೇ ಕೆಡುತ್ತಿದೆ, ಅದಕ್ಕೇ ಶಾಂತಿ. ಅವರನ್ನು ಕರೆತರುವ ಕೆಲಸ ಯಾರಿಗೆ? ಕರ್ಕ್‌ಗೆ. ಸಭೆ ಮುಗಿದು ಎಲ್ಲರೂ ಹೋದ ಮೇಲೆ ಉದ್ದ ಮೇಜಿನ ಹತ್ತಿರ ಕರ್ಕ್ ಮತ್ತು ಅವನ ಗೆಳೆಯ ಸ್ಪಾಕ್ ಇಬ್ಬರೇ ಉಳಿಯುತ್ತಾರೆ. ಅವರು ಸಾಯುತ್ತಿದ್ದಾರೆ ಅನ್ನುತ್ತಾನೆ ಸ್ಪಾಕ್. ಸಾಯಲಿ ಬಿಡು ಅನ್ನುತ್ತಾನೆ ಕರ್ಕ್.

ಇದನ್ನು ಹೇಳುವುದು ನಾಯಕ! ವರ್ಷಗಟ್ಟಲೆ ನಾವು ಮೆಚ್ಚಿಕೊಂಡು ಬಂದ ನಾಯಕ. ಆಮೇಲೆ ರೂಮಿನಲ್ಲಿ ಒಬ್ಬನೇ ಕೂತು ತನ್ನ ದಿನಚರಿಯಲ್ಲಿ, ಕ್ಲಿಂಗಾನರನ್ನು ಎಂದೂ ನಂಬಿಲ್ಲ, ಮಗನ ಸಾವನ್ನು ಕ್ಷಮಿಸಲಾರೆ ಎಂದು ದಾಖಲಿಸುತ್ತಾನೆ. ಮುಂದೆ ಅವನ ಮೇಲೆ ಕೊಲೆ ಆರೋಪ ಬಂದಾಗ ಆ ಧ್ವನಿಯನ್ನೇ ಕೋರ್ಟಿನಲ್ಲಿ ಅವನ ವಿರುದ್ಧ ಕೇಳಿಸುತ್ತಾರೆ. 1984ರ ಒಂದು ಸಾವು 1991ರಲ್ಲಿ ಸಾಕ್ಷಿಯಾಗಿ ಬಂದು ನಿಂತಿತು. ಜೊತೆಗೆ ಇನ್ನೊಂದು ವಿಷಯ. ಶಾಂತಿ ಕೆಡಿಸಲು ಸಂಚು ಮಾಡುವವರು ಎರಡೂ ಕಡೆಯ ಸೇನಾಧಿಕಾರಿಗಳು. ಜನ್ಮವೈರಿಗಳು, ಆದರೆ ಯುದ್ಧ ಉಳಿಸಿಕೊಳ್ಳುವುದಕ್ಕಾಗಿ ಕೈಜೋಡಿಸಿದ್ದಾರೆ. ಯುದ್ಧ ನಿಂತರೆ ಯಾರ ಅಂಗಡಿ ಮುಚ್ಚುತ್ತದೆ ಅನ್ನುವುದನ್ನು ಬರೆದವರು ಕೂತು ಯೋಚನೆ ಮಾಡಿದ್ದಾರೆ. ಆ ಸಿನಿಮಾ ಬಿಡುಗಡೆಯಾದದ್ದು 1991ರ ಡಿಸೆಂಬರ್‌ನಲ್ಲಿ. ಅದೇ ತಿಂಗಳಲ್ಲಿ ಸೋವಿಯತ್ ಒಕ್ಕೂಟ ಇಲ್ಲವಾಯಿತು.

ಆ ಸಿನಿಮಾ ಬರೆದವರಿಗೆ ಇನ್ನೂ ಒಂದು ಕಟ್ಟುಪಾಡು ಇತ್ತು. ಕಥೆಯ ಕಾಲದಲ್ಲಿ ಎಷ್ಟೋ ವರ್ಷ ಮುಂದೆ ನಡೆಯುವ ಟಿವಿ ಸರಣಿ 1987ರಲ್ಲೇ ಶುರುವಾಗಿತ್ತು. ಅದರಲ್ಲಿ ಒಬ್ಬ ಕ್ಲಿಂಗಾನ್ ಒಕ್ಕೂಟದ ನೌಕೆಯಲ್ಲೇ ಅಧಿಕಾರಿ. ಅಂದರೆ ಶಾಂತಿ ಆಗೇ ಆಗುತ್ತದೆ ಎಂದು ಪ್ರೇಕ್ಷಕರಿಗೆ ಮೊದಲೇ ಗೊತ್ತು. ಆದರೂ ಸಿನಿಮಾ ಬಿಗಿಯಾಗಿದೆ. ಶಾಂತಿಗೆ ಯಾರು ಏನು ನುಂಗಿಕೊಂಡರು ಅನ್ನುವುದನ್ನು ನೋಡುವುದಕ್ಕೇ ನಾವು ಕೂತಿರುತ್ತೇವೆ.

ಹಣದ ಲೆಕ್ಕಕ್ಕೆ ಬಂದರೆ 1986ರ 'ಏಲಿಯನ್ಸ್' ನನಗೆ ಪಾಠದ ಪುಸ್ತಕ ಇದ್ದ ಹಾಗೆ. 1979ರ 'ಏಲಿಯನ್'ನಲ್ಲಿ ಒಂದು ಸರಕು ನೌಕೆಯ ಸಿಬ್ಬಂದಿ ಬೋನಸ್ ಬಗ್ಗೆ ತಕರಾರು ಮಾಡುತ್ತಿರುತ್ತಾರೆ. ಅಪರಿಚಿತ ಸಂಕೇತ ಬಂದರೆ ಹೋಗಿ ನೋಡಲೇಬೇಕು, ಇಲ್ಲದಿದ್ದರೆ ಪಾಲು ಪೂರ್ತಿ ಹೋಗುತ್ತದೆ ಅನ್ನುವ ಷರತ್ತು ಅವರ ಕರಾರಿನಲ್ಲಿದೆ. ಅದಕ್ಕೇ ಅವರು ಆ ಗ್ರಹಕ್ಕೆ ಇಳಿಯುತ್ತಾರೆ. ಅಲ್ಲಿಂದ ಹಡಗಿಗೆ ಸೇರಿಕೊಂಡ ಒಂದು ಜೀವಿ ಅವರನ್ನು ಕೊಲ್ಲುತ್ತಾ ಹೋಗುತ್ತದೆ. ಸಿಬ್ಬಂದಿಯಲ್ಲಿ ರಿಪ್ಲಿ ಒಬ್ಬಳೇ ಬದುಕಿ, ಕೊನೆಗೆ ಹಡಗನ್ನೇ ಸಿಡಿಸಿ ತಪ್ಪಿಸಿಕೊಳ್ಳುತ್ತಾಳೆ. ನಾವು ಉಸಿರು ಬಿಟ್ಟು ಮನೆಗೆ ಹೋದೆವು.

ಎರಡನೆಯ ಭಾಗದಲ್ಲಿ ಅವಳು 57 ವರ್ಷ ನಿದ್ದೆ ಮಾಡಿ ಎಚ್ಚರವಾಗುತ್ತಾಳೆ. ಅವಳನ್ನು ಒಂದು ವಿಚಾರಣಾ ಕೊಠಡಿಗೆ ಕರೆಯುತ್ತಾರೆ. ಅಲ್ಲಿಗೆ ಹೋಗುವ ಮೊದಲು ಕಂಪನಿಯ ಬರ್ಕ್, ಒಳಗೆ ಯಾರ್ಯಾರು ಇದ್ದಾರೆ ಎಂದು ಒಂದೇ ಉಸಿರಿಗೆ ಹೇಳುತ್ತಾನೆ: ಸರ್ಕಾರದವರು, ಅಂತರತಾರಾ ವಾಣಿಜ್ಯ ಆಯೋಗದವರು, ವಸಾಹತು ಆಡಳಿತದವರು, ವಿಮಾ ಕಂಪನಿಯವರು. ಒಂದು ವಾಕ್ಯ! ಇಡೀ ಲೋಕದ ಆಡಳಿತ ಕಣ್ಣ ಮುಂದೆ ಬಂತು. ಆಮೇಲೆ ಆ ಮೇಜಿನ ಮೇಲೆ ಬರುವ ಮೊದಲ ಪ್ರಶ್ನೆ ಸತ್ತವರದ್ದಲ್ಲ, ಹಡಗಿನದ್ದು. 4 ಕೋಟಿ 20 ಲಕ್ಷ ಡಾಲರ್, ಈಗಿನ ಬೆಲೆಗೆ ಹೊಂದಿಸಿದ ಲೆಕ್ಕ, ಅದೂ ಸರಕು ಬಿಟ್ಟು. ಅವಳ ಲೈಸೆನ್ಸ್ ಅಮಾನತು ಆಗುತ್ತದೆ. ಬಂದರಿನಲ್ಲಿ ಸರಕು ಎತ್ತುವ ಕೆಲಸ ಹಿಡಿಯುತ್ತಾಳೆ. ಆ ಕೆಲಸದಲ್ಲಿ ಕಲಿತ ಸರಕು ಎತ್ತುವ ಯಂತ್ರವನ್ನೇ ಕೊನೆಯ ಕಾದಾಟದಲ್ಲಿ ತೊಟ್ಟು ಬರುತ್ತಾಳೆ. ನಾನು ಈ ಸಿನಿಮಾ ಮೊದಲು ನೋಡಿದಾಗ ಆ ಕಾದಾಟಕ್ಕೆ ಮೈ ಜುಂ ಎಂದಿತ್ತು. ಈಗ ವಿಚಾರಣೆಯ ಸೀನ್ ನೋಡುವಾಗಲೂ ಅಷ್ಟೇ ಮೈ ಜುಂ ಅನ್ನುತ್ತದೆ. ಹಿಂದಿನ ಭಾಗದ ನಮ್ಮ ಸಂತೋಷಕ್ಕೆ ಬಿಲ್ ಬಂದಿದೆ, ಅವಳು ಕಟ್ಟುತ್ತಿದ್ದಾಳೆ.

'ಅವತಾರ್' ಬಗ್ಗೆ ಚಿಕ್ಕದಾಗಿ. 2009ರಲ್ಲಿ ಪ್ಯಾಂಡೋರಾ ಅನ್ನುವ ಬೇರೆ ಲೋಕದಲ್ಲಿ ಮನುಷ್ಯರು ಅಷ್ಟು ರಕ್ತ ಹರಿಸಿದ್ದು ಒಂದು ಖನಿಜಕ್ಕಾಗಿ. 2022ರ ಭಾಗದಲ್ಲಿ ಆ ಖನಿಜದ ಸುದ್ದಿಯೇ ಇಲ್ಲದ ಹಾಗೆ. ಭೂಮಿ ಸಾಯುತ್ತಿದೆ, ಪ್ಯಾಂಡೋರಾದಲ್ಲೇ ನೆಲೆ ಮಾಡಬೇಕು ಅನ್ನುತ್ತಾರೆ, ಜೊತೆಗೆ ತಿಮಿಂಗಿಲದಂಥ ಜೀವಿಗಳ ಮಿದುಳಿನಿಂದ ತೆಗೆಯುವ ಒಂದು ದ್ರವ. ಕಾರಣ ಬದಲಾಗಬಹುದು, ತಪ್ಪಿಲ್ಲ. ಆದರೆ ಹಳೇ ಕಾರಣ ಎಲ್ಲಿ ಹೋಯಿತು ಎಂದು ಯಾರಾದರೂ ಒಂದು ಮಾತು ಹೇಳಬೇಕಿತ್ತು. ನೀರಿನೊಳಗಿನ ಆ ದೃಶ್ಯಗಳನ್ನು ಕಣ್ಣು ತುಂಬಾ ನೋಡಿ ಬಂದೆ, ಆ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

'ಪ್ಲಾನೆಟ್ ಆಫ್ ದಿ ಏಪ್ಸ್' ಹೊಸ ಸರಣಿಗೆ ಇನ್ನಷ್ಟು ಹೊತ್ತು ಕೊಡುತ್ತೇನೆ, ಅದು ಅರ್ಹ. 2011ರಲ್ಲಿ ಸೀಸರ್ ಅನ್ನುವ ವಾನರ ಒಂದು ಕಡ್ಡಿ ಮುರಿದು ತೋರಿಸುತ್ತಾನೆ. ಆಮೇಲೆ ಕಡ್ಡಿಗಳ ಕಟ್ಟು ಹಿಡಿದು ತೋರಿಸುತ್ತಾನೆ. ಒಬ್ಬೊಬ್ಬರೇ ಇದ್ದರೆ ದುರ್ಬಲ, ಒಟ್ಟಿಗಿದ್ದರೆ ಬಲ. 2014ರಲ್ಲಿ ಆ ಮಾತು ಗೋಡೆಯ ಮೇಲೆ ಬರಹವಾಗಿದೆ, ಮರಿಗಳು ಅದನ್ನು ಕಲಿಯುತ್ತಿವೆ. ಜೊತೆಗೆ ಒಂದು ಕಾನೂನು: ವಾನರ ವಾನರನನ್ನು ಕೊಲ್ಲಬಾರದು. ಊರು ಕಟ್ಟಿಕೊಂಡ ಮೇಲೆ ಕಾನೂನು ಬಂತು, ಶಾಲೆ ಬಂತು. ಇನ್ನು ಜಗಳಕ್ಕೆ ಕಾರಣ ಬೇಕಲ್ಲ, ಅದೂ ಗಟ್ಟಿಯಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಹಾರೋಗದಿಂದ ಬದುಕುಳಿದ ಮನುಷ್ಯರಿಗೆ ಇಂಧನ ಮುಗಿಯುತ್ತಾ ಬಂದಿದೆ. ವಿದ್ಯುತ್ ಕೊಡುವ ಅಣೆಕಟ್ಟು ಇರುವುದು ವಾನರರ ಕಾಡಿನಲ್ಲಿ.

ಮನುಷ್ಯರಿಗೆ ಅಲ್ಲಿ ಕೆಲಸ ಮಾಡಲು ಬಿಡೋಣ ಅನ್ನುತ್ತಾನೆ ಸೀಸರ್. ಆಗ ಪ್ರಯೋಗಾಲಯದಲ್ಲಿ ಬೆಳೆದ ಕೋಬಾ ಮುಂದೆ ಬರುತ್ತಾನೆ. ತನ್ನ ಮೈ ಮೇಲಿನ ಒಂದೊಂದು ಗಾಯದ ಗುರುತನ್ನೂ ಬೆರಳಿಟ್ಟು ತೋರಿಸುತ್ತಾ, ಇದು ಮನುಷ್ಯರ ಕೆಲಸ, ಇದು ಮನುಷ್ಯರ ಕೆಲಸ ಅನ್ನುತ್ತಾನೆ. ಆ ಗಾಯಗಳು 2011ರ ಸಿನಿಮಾದವು. ಅವನ ಮಾತನ್ನು ತಳ್ಳಿಹಾಕುವುದು ಹೇಗೆ? ಕೋಬಾ ಸೀಸರ್‌ಗೇ ಗುಂಡು ಹೊಡೆದು, ಅಪವಾದವನ್ನು ಮನುಷ್ಯರ ಮೇಲೆ ಹಾಕಿ ಯುದ್ಧ ಶುರು ಮಾಡುತ್ತಾನೆ. ಕೊನೆಗೆ ಎತ್ತರದಲ್ಲಿ ನೇತಾಡುತ್ತಾ ಆ ಕಾನೂನನ್ನೇ ನೆನಪಿಸುತ್ತಾನೆ, ವಾನರ ವಾನರನನ್ನು ಕೊಲ್ಲಬಾರದು. ನೀನು ವಾನರನೇ ಅಲ್ಲ ಎಂದು ಹೇಳಿ ಸೀಸರ್ ಕೈ ಬಿಡುತ್ತಾನೆ. ಕಾನೂನು ಬರೆದವನೇ ಕಾನೂನಿಗೆ ಮೊದಲ ತೂತು ಕೊರೆದ. ಆ ತೂತು ಮುಚ್ಚುವುದಿಲ್ಲ. 2017ರ ಭಾಗದಲ್ಲಿ ಕೋಬಾ ಅವನ ಕನಸಿನಲ್ಲಿ ಬಂದು ಕಾಡುತ್ತಾನೆ. ಕೋಬಾನ ಹಿಂಬಾಲಕರು, ಸೋತ ಬಣದವರು, ಈಗ ಮನುಷ್ಯ ಸೈನಿಕರ ಕೈಕೆಳಗೆ ದುಡಿಯುತ್ತಿದ್ದಾರೆ. ಸೈನಿಕರು ಅವರನ್ನು ಕತ್ತೆಗಳು ಎಂದು ಕರೆಯುತ್ತಾರೆ. ಸೋತವರು ಗಾಳಿಯಲ್ಲಿ ಕರಗಿ ಹೋಗುವುದಿಲ್ಲ, ಎಲ್ಲಾದರೂ ಹೊಟ್ಟೆ ಹೊರೆಯಲೇಬೇಕು. ಇಷ್ಟು ಸಣ್ಣ ವಿಷಯವನ್ನು ಬರೆದವರು ಮರೆಯಲಿಲ್ಲ, ಅದಕ್ಕೆ ನನ್ನ ನಮಸ್ಕಾರ.

2024ರ ಭಾಗದಲ್ಲಿ ಎಷ್ಟೋ ತಲೆಮಾರು ಕಳೆದಿವೆ. ಪ್ರಾಕ್ಸಿಮಸ್ ಅನ್ನುವ ಒಬ್ಬ ದೊರೆ ಸೀಸರ್ ಅನ್ನುವ ಹೆಸರನ್ನು ಬಿರುದಾಗಿ ಇಟ್ಟುಕೊಂಡಿದ್ದಾನೆ. ಒಟ್ಟಿಗಿದ್ದರೆ ಬಲ ಅನ್ನುವ ಅದೇ ಮಾತನ್ನು ಕೂಗುತ್ತಾ ಬೇರೆ ಕುಲಗಳನ್ನು ಎಳೆದು ತಂದು ಜೀತಕ್ಕೆ ಹಚ್ಚಿದ್ದಾನೆ. ಮಾತು ಒಂದಕ್ಷರವೂ ಬದಲಾಗಿಲ್ಲ. ಕಡ್ಡಿಯ ಕಟ್ಟು ನೋಡಿದ್ದ ನಮಗೆ ಅದು ಎಷ್ಟು ಭಯಾನಕವಾಗಿ ಕೇಳಿಸುತ್ತದೆ, ಯೋಚಿಸಿ. ಕಂಟಿನ್ಯೂಟಿ ಅಂದರೆ ನನಗೆ ಇದು.

ಇನ್ನು ಪ್ರಶ್ನೆಗಳು. ಒಬ್ಬರು ಕೇಳಿದರು: ಇಷ್ಟೆಲ್ಲ ವಿವರಿಸುತ್ತಾ ಕೂತರೆ ಸಿನಿಮಾ ಪಾಠ ಆಗುವುದಿಲ್ಲವಾ?

ವಿವರಿಸಬೇಡಿ. ಯಾರಿಗಾದರೂ ಏನಾದರೂ ಬೇಕಾಗುವಂತೆ ಮಾಡಿ, ಸಿಗದಂತೆ ಮಾಡಿ. 1985ರ ಮೂರನೆಯ 'ಮ್ಯಾಡ್ ಮ್ಯಾಕ್ಸ್' ನೋಡಿ. ಹಂದಿ ಗೊಬ್ಬರದಿಂದ ಅನಿಲ ತೆಗೆದು ಒಂದು ಊರು ನಡೆಯುತ್ತದೆ. ಮೇಲೆ ಆಳುವವಳು ಒಬ್ಬಳು, ಕೆಳಗೆ ಅನಿಲ ತೆಗೆಯುವವನು ಒಬ್ಬ. ಅವನು ಅನಿಲ ನಿಲ್ಲಿಸುತ್ತಾನೆ. ಊರಿನ ದೀಪ ಆರುತ್ತದೆ. ಊರು ನಡೆಸುವವನು ನಾನೇ ಎಂದು ಎಲ್ಲರಿಗೂ ಕೇಳುವಂತೆ ಅವಳ ಬಾಯಿಂದ ಹೇಳಿಸುತ್ತಾನೆ. ಅವಳು ಹೇಳುತ್ತಾಳೆ, ದೀಪ ಹತ್ತುತ್ತದೆ. ಅಲ್ಲಿ ಪಾಠ ಎಲ್ಲಿದೆ? ಆದರೆ ಆ ಊರಿನ ಸಂವಿಧಾನ ನಮಗೆ ಗೊತ್ತಾಯಿತು.

ಇನ್ನೊಬ್ಬರು, ತುಂಬಾ ಚಿಕ್ಕ ವಯಸ್ಸಿನವರು, ಈಗ ನೀವು ಯಾವ ಸೀಕ್ವೆಲ್‌ಗಾಗಿ ಕಾಯುತ್ತಿದ್ದೀರಿ ಎಂದು ಕೇಳಿದರು. ನಾನು ಆಗಲೇ ಹೇಳಿದ 2024ರ ಏಪ್ಸ್ ಸಿನಿಮಾದ ಮುಂದಿನದ್ದಕ್ಕೆ. ಕೊನೆಯಲ್ಲಿ ನೋವಾ ಅನ್ನುವ ಎಳೆಯ ವಾನರ ಮೇ ಅನ್ನುವ ಮನುಷ್ಯ ಹುಡುಗಿಯನ್ನು ಭೇಟಿಯಾಗುತ್ತಾನೆ. ಇಬ್ಬರೂ ಜೊತೆಯಾಗಿ ಹೋರಾಡಿದ್ದರು, ಆದರೆ ಅವಳು ಅವನಿಗೆ ಪೂರ್ತಿ ನಿಜ ಹೇಳಿರಲಿಲ್ಲ. ಅವನು ಸೀಸರ್‌ನ ಗುರುತಿರುವ ಪದಕವನ್ನು ಅವಳಿಗೆ ಕೊಡುತ್ತಾನೆ. ಅವಳು ಒಂದು ಕೈಯಲ್ಲಿ ಅದನ್ನು ತೆಗೆದುಕೊಳ್ಳುತ್ತಾಳೆ. ಇನ್ನೊಂದು ಕೈ ಬೆನ್ನ ಹಿಂದಿದೆ, ಅದರಲ್ಲಿ ಪಿಸ್ತೂಲು. ಅವನಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ. ಅವಳು ಹೊಡೆಯುವುದಿಲ್ಲ, ಎಸೆಯುವುದೂ ಇಲ್ಲ, ಹಾಗೇ ಹಿಡಿದುಕೊಂಡು ಹೊರಟುಹೋಗುತ್ತಾಳೆ. ಮುಂದಿನ ಭಾಗ ಬರೆಯುವವರು ಆ ಕೈಯನ್ನು ಮರೆಯದಿರಲಿ.